ಹದಿನಾಲ್ಕು ಕುಂಚಗಳ ಕೇಸು

ಮಂಗಳವಾರ, ಅಕ್ಟೋಬರ್ 8, 2024. ಬೆಳಿಗ್ಗೆ 11 ಗಂಟೆ 40 ನಿಮಿಷ. ಕಳ್ಳ ಹೊಕ್ಕಿದ್ದು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಡ್ಯಾನ್‌ವಿಲ್‌ನ ಮನೆಗೆ, ದೂರು ಬಂದದ್ದು ಸ್ಯಾನ್ ಮಟಿಯೋದಿಂದ. ಕರೆ ಮಾಡಿದವನು ಶಶಿಧರ, ಅಲ್ಲಿನ ಒಂದು ಆಫೀಸಿನಲ್ಲಿ ಎಂಜಿನಿಯರ್. ಎರಡು ನಿಮಿಷದ ಹಿಂದೆ ಮನೆಯಿಂದ ಅವನ ತಾಯಿಯ ಫೋನು ಬಂದಿತ್ತು. ತಾಯಿ ಮಾತಾಡಿರಲಿಲ್ಲ. ಬರೀ ಉಸಿರು ಕೇಳಿಸುತ್ತಿತ್ತು. ಉಸಿರಿನ ಹಿಂದೆ ಯಾರೋ ಡ್ರಾಯರು ಎಳೆದು ಎಳೆದು ನೋಡುವ ಸದ್ದು. ಆಮೇಲೆ ಲೈನು ಕಟ್ಟಾಗಿತ್ತು.

ಹತ್ತಿರದಲ್ಲಿದ್ದ ಗಸ್ತು ಕಾರು ಆಫೀಸರ್ ಸಂಯುಕ್ತಾಳದು. ವಯಸ್ಸು ಇಪ್ಪತ್ತಾರು. ಮೈಸೂರಿನ ತಂದೆತಾಯಿಗೆ ಇಲ್ಲೇ ಹುಟ್ಟಿದವಳು. ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟು ಪೊಲೀಸ್ ಸೇರಿದ್ದಳು. ಮಾತು ಕಡಿಮೆ, ಕಣ್ಣು ಹೆಚ್ಚು. ಠಾಣೆಯಲ್ಲಿ ಕನ್ನಡ ಬರುವುದು ಅವಳೊಬ್ಬಳಿಗೇ, ಅದೂ ಕೇಳಿದರೆ ತಿಳಿಯುವಷ್ಟು, ಆಡಲು ಹೋದರೆ ತೊಡರುವಷ್ಟು.

11 ಗಂಟೆ 49 ನಿಮಿಷಕ್ಕೆ ಅವಳು ಮನೆ ತಲುಪಿದಳು. ಮುಂಬಾಗಿಲಿಗೆ ಬೀಗ ಇತ್ತು. ಪಕ್ಕದ ಮರದ ಗೇಟು ತೆರೆದಿತ್ತು. ಹಿತ್ತಿಲ ಗಾಜಿನ ಬಾಗಿಲು ಒಂದು ಗೇಣು ಸರಿದು ನಿಂತಿತ್ತು. ಎರಡನೇ ಕಾರು ಬರಲು ಐದು ನಿಮಿಷ ಬೇಕಿತ್ತು. ಆ ಉಸಿರಿಗೆ ಐದು ನಿಮಿಷ ಇದೆಯೋ ಇಲ್ಲವೋ ಎಂದು ಸಂಯುಕ್ತಾ ಒಳಗೆ ಕಾಲಿಟ್ಟಳು. ಕೈಯಲ್ಲಿ ಹಿಡಿದ ಪಿಸ್ತೂಲು ಬೆವರಿನಿಂದ ಜಾರುತ್ತಿತ್ತು.

ಹಾಲಿನಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲೆ ಒಂದು ಚಿತ್ರ. ಕೆಂಪು, ಹಸಿರು, ನೀಲಿ ತ್ರಿಕೋನಗಳು ಒಂದರ ಮೈಮೇಲೆ ಒಂದು ಬಿದ್ದು, ನಡುವೆ ಒಂದು ಮುಖ. ಒಂದು ಕಣ್ಣು ನೇರ ಇವಳನ್ನೇ ನೋಡುತ್ತಿದ್ದರೆ ಇನ್ನೊಂದು ಪಕ್ಕಕ್ಕೆ ತಿರುಗಿತ್ತು. ಸಂಯುಕ್ತಾ ಬೆಚ್ಚಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಮಲಗುವ ಕೋಣೆಗಳು ಖಾಲಿ, ಡ್ರಾಯರುಗಳೆಲ್ಲ ನೆಲದ ಮೇಲೆ. ಕೊನೆಗೆ ಬಟ್ಟೆ ಒಗೆಯುವ ಪುಟ್ಟ ಕೋಣೆಯಲ್ಲಿ, ಡ್ರೈಯರಿನ ಹಿಂದಿನ ಸಂದಿಯಲ್ಲಿ, ಇಳಕಲ್ ಸೀರೆಯ ಸೆರಗಿನ ತುದಿ ಕಂಡಿತು.

ಎಪ್ಪತ್ತೊಂದು ವರ್ಷದ ಈರವ್ವ ಮೊಣಕಾಲು ಮಡಚಿ ಕುಳಿತಿದ್ದಳು. ಒಂದು ಕೈಯಲ್ಲಿ ಫೋನು, ಮಡಿಲಲ್ಲಿ ಹಳೇ ಬಟ್ಟೆಯ ಒಂದು ಗಂಟು.

“ಅಜ್ಜಿ, ನಾನು ಪೊಲೀಸು. ಭಯ ಬೇಡ.”

ಮುದುಕಿ ಕಣ್ಣು ತೆರೆದಳು. “ಕನ್ನಡದಾಕಿಯೇನ ಯವ್ವಾ?” ಎಂದಳು. ಹಾಗೆಂದವಳೇ ಸಂಯುಕ್ತಾಳ ತೋಳು ಹಿಡಿದುಕೊಂಡಳು. ಮುಂದಿನ ಒಂದೂವರೆ ಗಂಟೆ ಬಿಡಲಿಲ್ಲ.

12 ಗಂಟೆ 20ಕ್ಕೆ ಡಿಟೆಕ್ಟಿವ್ ಸಾರ್ಜೆಂಟ್ ಡೆಲ್ಗಾಡೊ ಬಂದ. ಐವತ್ತು ದಾಟಿದ ಆಸಾಮಿ, ಇಪ್ಪತ್ತು ವರ್ಷದಿಂದ ಕಳ್ಳತನದ ಕೇಸುಗಳನ್ನೇ ನೋಡಿದವನು. ಅವನ ಜೊತೆಯವರು ಒಂದೊಂದು ಕೋಣೆಯ ಫೋಟೊ ತೆಗೆದು, ಅಳತೆ ಬರೆದುಕೊಂಡು, ಗಾಜಿನ ಮೇಲೆ ಪುಡಿ ಉದುರಿಸಿದರು. ಬೆರಳಚ್ಚು ಸಿಗಲಿಲ್ಲ, ಕೈಗವಸಿನ ಗುರುತು ಸಿಕ್ಕಿತು.

“ಪಂಚನಾಮೆ ನಡದೈತೇನು?” ಈರವ್ವ ಪಿಸುಗುಟ್ಟಿದಳು. “ಪಂಚರು ಎಲ್ಲಿ?”

“ಇಲ್ಲಿ ಕ್ಯಾಮೆರಾನೇ ಪಂಚರು ಅಜ್ಜಿ,” ಎಂದಳು ಸಂಯುಕ್ತಾ, ಎದೆಯ ಮೇಲಿನ ಬಾಡಿ ಕ್ಯಾಮೆರಾ ತೋರಿಸಿ.

ಅಷ್ಟರಲ್ಲಿ ಶಶಿಧರನೂ ಅವನ ಹೆಂಡತಿ ಶಿವಾನಿಯೂ ಬಂದರು. ಏನೇನು ಹೋಗಿದೆ ನೋಡಿ ಎಂದರೆ, ಚಿನ್ನ ಇದ್ದಲ್ಲೇ ಇತ್ತು. ಲ್ಯಾಪ್‌ಟಾಪು ಇತ್ತು. ಗೋಡೆಯ ಚಿತ್ರವೂ ಇತ್ತು. ಇಲ್ಲದ್ದು ಒಂದೇ, ಈರವ್ವನ ಕೋಣೆಯ ಡ್ರಾಯರಿನಲ್ಲಿದ್ದ ತುಕ್ಕು ಹಿಡಿದ ಒಂದು ತಗಡಿನ ಡಬ್ಬಿ. ಅದರೊಳಗೆ ಹದಿನಾಲ್ಕು ಹಳೇ ಕುಂಚಗಳಿದ್ದವು.

“ಆ ಡಬ್ಬಿ ಯಾರದು?” ಡೆಲ್ಗಾಡೊ ಕೇಳಿದ.

“ನಮ್ಮ ಅಜ್ಜಂದು. ಚಿತ್ರಾನೂ ಅವರದೇ,” ಎಂದ ಶಶಿಧರ. “ಕುಬೇರಪ್ಪ ಅಂತ. ಗುಳೇದಗುಡ್ಡದ ನೇಕಾರರ ಮಗ. ನಮ್ಮ ಕಡೆ ಕ್ಯೂಬಿಸಂ ಮೊದಲು ತಂದವರೇ ಅವರು. ಒಂದೇ ವಸ್ತುವನ್ನ ನಾಲ್ಕೂ ಕಡೆಯಿಂದ ನೋಡಿ, ನೋಡಿದ್ದನ್ನೆಲ್ಲ ಒಡೆದು ಒಂದೇ ಬಟ್ಟೆ ಮೇಲೆ ಜೋಡಿಸೋದು. ಬದುಕಿದ್ದಾಗ ಯಾರೂ ಮೂಸಿ ನೋಡ್ಲಿಲ್ಲ. ಈಗ ಹದಿನೆಂಟನೇ ತಾರೀಖು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸಿಬಿಷನ್ನು.”

ಚಿತ್ರದ ಕೆಳಗೆ ಹಿತ್ತಾಳೆಯ ತಗಡಿನ ಮೇಲೆ ಹೆಸರು ಕೊರೆದಿತ್ತು: ಪ್ಯಾರಿಸ್ಸಿನ ಹೆಂಗಸು, 1953.

“ಚಿತ್ರ ಬಿಟ್ಟು ಕುಂಚ ಒಯ್ದ,” ಡೆಲ್ಗಾಡೊ ತಲೆ ಕೆರೆದುಕೊಂಡು ಸಂಯುಕ್ತಾಳ ಕಡೆ ತಿರುಗಿದ. “ಅಮ್ಮನ ಹೇಳಿಕೆ ತಗೋ. ನೀನೊಬ್ಬಳೇ.”

ಅಡುಗೆಮನೆಯ ಮೇಜಿನ ಮುಂದೆ ಹೇಳಿಕೆ ನಡೆಯಿತು. ಸಮಯ 1 ಗಂಟೆ 05 ನಿಮಿಷ.

“ನೀವು ಮನೇಲಿ ಇರೋದು ಅವನಿಗೆ ಗೊತ್ತಿತ್ತಾ?”

“ಇಲ್ಲ. ಮಂಗಳವಾರ ನಾ ಸೀನಿಯರ್ ಸೆಂಟರಿಗೆ ಹೋಗ್ತೀನಿ, ಯೋಗಾಕ್ಕ. ಇವತ್ತ ಮೊಣಕಾಲು ಹಿಡದಿತ್ತು.”

“ಮುಖ ನೋಡಿದ್ರಾ?”

“ಇಲ್ಲ.”

“ಧ್ವನಿ?”

ಈರವ್ವ ಬಾಗಿಲ ಕಡೆ ನೋಡಿದಳು. ಮಡಿಲ ಗಂಟನ್ನು ಇನ್ನಷ್ಟು ಒತ್ತಿ ಹಿಡಿದಳು.

“ಅವನಿಗೆ ಏನು ಬೇಕಿತ್ತು ಅಜ್ಜಿ?”

“ನಮ್ಮಪ್ಪಂದು ಐತಲ್ಲ, ಅದು. ಶನಿವಾರ ಊಟಕ್ಕ ಬಂದವ್ರ ಮುಂದ ನಾನs ಬಾಯಿ ಬಿಟ್ಟೆ. ಎಲ್ಲಾ ಕುಂಚಿಗ್ಯಾಗ ಐತಿ ಅಂತ.” ಹೇಳುತ್ತ ಕೈಯೆತ್ತಿ ನೆತ್ತಿ ಸವರಿಕೊಂಡು, ಗದ್ದದ ಕೆಳಗೆ ತಂದಳು. ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡಳು ಸಂಯುಕ್ತಾ.

“ಕುಂಚದಲ್ಲಿ. ಅದೇ ಕಳುವಾಯ್ತಲ್ಲ?”

“ಕುಂಚ ಅಲ್ಲ ಯವ್ವಾ, ಕುಂಚಿಗಿ...”

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಹಾಲಿನಿಂದ ಒಂದು ಮೆತ್ತನೆಯ ಗಂಡು ಧ್ವನಿ ಕೇಳಿಸಿತು. “ಅಯ್ಯೋ ಶಶಿ, ಏನಿದು ಅನಾಹುತ! ಅಮ್ಮಾವ್ರು ಹೇಗಿದ್ದಾರೆ?” ಈರವ್ವನ ಬಾಯಿ ಅಲ್ಲಿಗೇ ಮುಚ್ಚಿತು. ಆಮೇಲೆ ಸಂಯುಕ್ತಾ ಏನು ಕೇಳಿದರೂ ತಲೆಯಾಡಿಸಿದಳೇ ಹೊರತು ಮಾತಾಡಲಿಲ್ಲ.

ಬಂದವನು ಶ್ರೀಕಂಠ. ಅರವತ್ತರ ಹತ್ತಿರದವನು, ಮೂಲ ಮೈಸೂರು, ಬರ್ಕ್ಲಿಯಲ್ಲಿ ಒಬ್ಬನೇ ವಾಸ. ಯಾವ ಕೆಲಸಕ್ಕೂ ಅಂಟಿಕೊಳ್ಳದೆ ಕುಬೇರಪ್ಪನ ಮೇಲೆ ಮೂವತ್ತು ವರ್ಷ ಸಂಶೋಧನೆ ಮಾಡಿದವನು, ದಪ್ಪನೆಯ ಒಂದು ಪುಸ್ತಕ ಬರೆದವನು. 1953ರಲ್ಲಿ ಕುಬೇರಪ್ಪ ಎಂಟು ತಿಂಗಳು ಪ್ಯಾರಿಸ್ಸಿನಲ್ಲಿದ್ದ, ಅಲ್ಲಿಂದಲೇ ಆ ಶೈಲಿ ತಂದ ಎಂದು ಲೋಕಕ್ಕೆ ತಿಳಿಸಿದವನು, ಗೋಡೆಯ ಚಿತ್ರಕ್ಕೆ ಆ ಹೆಸರಿಟ್ಟವನು ಅವನೇ. ಪ್ರದರ್ಶನವೂ ಅವನದೇ ಶ್ರಮ. ಶಶಿಧರ ಅವನ ಕಾಲು ಮುಟ್ಟಿ ನಮಸ್ಕರಿಸುವುದನ್ನು ಸಂಯುಕ್ತಾ ನೋಡಿದಳು.

“ಈರಮ್ಮನವರೇ, ಪೊಲೀಸ್ರಿಗೆ ಏನ್ ಹೇಳಿದ್ರಿ?” ಅವನು ಬಾಗಿ ಕೇಳಿದ.

ಈರವ್ವ ಎದ್ದು ಬಂದು ಸಂಯುಕ್ತಾಳ ಇನ್ನೊಂದು ಪಕ್ಕಕ್ಕೆ ಕುಳಿತಳು.

ಮೂರು ಗಂಟೆಗೆ ಠಾಣೆಯಲ್ಲಿ ಸಂಯುಕ್ತಾ ವರದಿ ಬರೆದಳು. ಕುಟುಂಬದ ಯಾವುದೋ ವಸ್ತು ಕುಂಚದಲ್ಲಿ ಅಡಗಿತ್ತು, ಕಳ್ಳನಿಗೆ ಅದು ಗೊತ್ತಿತ್ತು, ಕುಂಚ ಒಯ್ದ. ಡೆಲ್ಗಾಡೊ ಓದಿ ತಲೆದೂಗಿದ. “ಬೇಕಾದ್ದು ಸಿಕ್ಕಿದೆ. ಮತ್ತೆ ಬರಲ್ಲ.” ಸಂಜೆ ಆರಕ್ಕೆ ಮನೆ ಮುಂದಿನ ಗಸ್ತು ಕಾರನ್ನು ವಾಪಸು ಕರೆಸಿದರು. ಶಶಿಧರ ಫೋನು ಮಾಡಿ ಎಫ್‌ಐಆರ್ ಕಾಪಿ ಕೇಳಿದ. ಇಲ್ಲಿ ಅದಕ್ಕೆ ಕೇಸ್ ರಿಪೋರ್ಟು ಅಂತಾರೆ ಸರ್ ಎಂದು ಸಂಯುಕ್ತಾ ನಂಬರು ಕೊಟ್ಟಳು. ತೋಳಿನ ಮೇಲೆ ಮುದುಕಿಯ ನಾಲ್ಕು ಬೆರಳಿನ ಗುರುತು ಇನ್ನೂ ಕೆಂಪಗಿತ್ತು.

ಬುಧವಾರ, ಅಕ್ಟೋಬರ್ 9. ಬೆಳಿಗ್ಗೆ 9 ಗಂಟೆ 20. ಹಳೇ ರೈಲು ಹಳಿಯ ಜಾಗದಲ್ಲಿ ಮಾಡಿರುವ ನಡಿಗೆ ದಾರಿಯ ಕಸದ ತೊಟ್ಟಿಯಲ್ಲಿ ತಗಡಿನ ಡಬ್ಬಿ ಸಿಕ್ಕಿತು. ನಾಯಿ ಅಡ್ಡಾಡಿಸಲು ಬಂದ ಹೆಂಗಸೊಬ್ಬಳು ತಿಳಿಸಿದ್ದಳು.

ಡೆಲ್ಗಾಡೊ ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಒಂದೊಂದೇ ತೆಗೆದಿಟ್ಟ. ಹಿಡಿಗಳನ್ನು ಉದ್ದಕ್ಕೆ ಸೀಳಲಾಗಿತ್ತು. ಕೂದಲು ಹಿಡಿದಿಟ್ಟ ತಗಡಿನ ಕೊರಳುಗಳನ್ನು ಬಿಚ್ಚಿ ಚಪ್ಪಟೆ ಮಾಡಲಾಗಿತ್ತು. ಕತ್ತು ಮುರಿದ ಹಕ್ಕಿಗಳ ಹಾಗೆ ಸಾಲಾಗಿ ಬಿದ್ದವು.

“ಎಣಿಸು,” ಎಂದ.

“ಹದಿನಾಲ್ಕು.”

“ಹದಿನಾಲ್ಕನ್ನೂ ಸೀಳಿದ್ದಾನೆ. ಸಿಕ್ಕಿದ್ದರೆ?”

ಸಂಯುಕ್ತಾ ಸೀಳಿದ ಹಿಡಿಗಳ ಮೇಲೆ ಬಾಗಿದಳು. “ಸಿಕ್ಕಿದ್ದರೆ ಅಲ್ಲಿಗೇ ನಿಲ್ಲಿಸ್ತಿದ್ದ. ಒಂದಾದರೂ ಉಳೀತಿತ್ತು.”

“ಹಾಗಾದರೆ ಆ ಅಮ್ಮ ಸುಳ್ಳು ಹೇಳಿದಳಾ? ನೀನೇ ಬರೆದಿದ್ದೀಯ, ಕುಂಚದಲ್ಲಿ ಇದೆ ಅಂತ.”

ಸಂಯುಕ್ತಾ ಬಾಡಿ ಕ್ಯಾಮೆರಾದ ವಿಡಿಯೊ ಹಾಕಿ ಕೂತಳು. ಮೂರು ಸಲ ನೋಡಿದಳು. ಮೊದಲನೇ ಸಲ ಮಾತು ಕೇಳಿದಳು. ಎರಡನೇ ಸಲ ಸದ್ದು ತೆಗೆದು ಬರೀ ಕೈ ನೋಡಿದಳು. ಕೈ ನೆತ್ತಿಯಿಂದ ಇಳಿದು, ಗದ್ದದ ಕೆಳಗೆ ಬಂದು, ಅಲ್ಲಿ ಎರಡು ಬೆರಳು ಏನನ್ನೋ ಗಂಟು ಹಾಕಿದವು. ಈರವ್ವನ ಸೆರಗು ಭುಜದ ಮೇಲೇ ಇತ್ತು. ಸರಿಮಾಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ಮೂರನೇ ಸಲ ಆ ಪದವನ್ನಷ್ಟೇ ಕೇಳಿದಳು. ಕುಂಚಿಗಿ. ನಿನ್ನೆ ಅವಳು ಕೇಳಿಸಿಕೊಂಡದ್ದು ಅದನ್ನಲ್ಲ, ತನಗೆ ಗೊತ್ತಿದ್ದ ಪದವನ್ನು.

10 ಗಂಟೆ 31ಕ್ಕೆ ಶಿವಾನಿಗೆ ಫೋನು ಮಾಡಿದಳು. ಶಿವಾನಿ ಹುಬ್ಬಳ್ಳಿಯವಳು.

“ಒಂದು ವರ್ಡ್ ಕೇಳಬೇಕಿತ್ತು. ಕುಂಚಿಗಿ ಅಂದ್ರೆ?”

ಶಿವಾನಿ ನಕ್ಕಳು. “ಅಯ್ಯ, ಕೂಸಿನ ಟೊಪಗಿರೀ! ಕುಬಸದ ಖಣದ ತುಂಡು ಜೋಡಿಸಿ ಹೊಲೀತಾರ. ತಲೀಗೆ ಹಾಕಿ ಗದ್ದದ ಕೆಳಗ ಕಟ್ಟೋದು, ಹಿಂದ ಬೆನ್ನ ಮ್ಯಾಲ ಇಳೀತದ. ಅತ್ತಿ ಹತ್ರ ತಮ್ಮದs ಒಂದು ಐತಿ, ಆ ಗಂಟಿನಾಗ ಇಟ್ಕೊಂಡs ಅಡ್ಡಾಡ್ತಾರ. ಏನ್ ನೀವೂ ಹಿಂಗs ಕೇಳ್ತೀರಲ್ಲ? ಈಗಿನ್ನ ಶ್ರೀಕಂಠ ಅಂಕಲ್ಲೂ ಅದನ್ನs ಕೇಳಿದ್ರು. ಮೈಸೂರು ಮಂದಿಗೆ ಕುಂಚಿಗಿನೂ ಗೊತ್ತಿಲ್ಲೇನ್ರೀ ಅಂತ ಕಾಡಿಸಿದೆ.”

ಸಂಯುಕ್ತಾ ಎದ್ದು ನಿಂತಳು. “ಶನಿವಾರ ಊಟಕ್ಕೆ ಯಾರು ಯಾರು ಬಂದಿದ್ರು?”

“ಧಾರವಾಡದ ಗಂಡ ಹೆಂಡ್ತಿ ಒಬ್ರು, ಮತ್ತ ಶ್ರೀಕಂಠ ಅಂಕಲ್ಲು. ನಾ ಒಳಗ ಮಿರ್ಚಿ ಕರೀತಿದ್ದೆ. ಯಾಕ್ರೀ?”

ಧಾರವಾಡದವರು ಕುಂಚಿಗಿ ಎಂದರೆ ಕುಂಚ ಎಂದುಕೊಳ್ಳುವವರಲ್ಲ. ಅಲ್ಲಿ ಕುಳಿತವರಲ್ಲಿ ಆ ತಪ್ಪು ಮಾಡಬಲ್ಲವನು ಒಬ್ಬನೇ. ತಾನು ಮಾಡಿದ ತಪ್ಪನ್ನೇ ಮಾಡಿದವನು.

“ನೀವು ಈಗ ಎಲ್ಲಿದ್ದೀರಿ?”

“ಗ್ರೋಸರಿಗೆ ಬಂದೀನಿ, ಸ್ಯಾನ್ ರಮೋನ್‌ನಾಗ.”

“ಅಜ್ಜಿ?”

“ಮನ್ಯಾಗ. ಒಬ್ರs ಇಲ್ಲ ಬಿಡ್ರಿ, ಅಂಕಲ್ಲs ಕೂತಾರ. ನೀವು ಹೋಗಿ ಬರ್ರಿ, ನಾನು ನೋಡ್ಕೋತೀನಿ ಅಂದ್ರು.”

ಸಂಯುಕ್ತಾ ಓಡಿದಳು. ಡೆಲ್ಗಾಡೊ ಸೀಟು ಬೆಲ್ಟು ಹಾಕುವ ಮೊದಲೇ ಕಾರು ಹೊರಟಿತ್ತು. ದಾರಿ ಆರು ನಿಮಿಷದ್ದು. ಮನೆಯ ಫೋನಿಗೆ ಎರಡು ಸಲ ರಿಂಗು ಮಾಡಿದಳು, ಯಾರೂ ಎತ್ತಲಿಲ್ಲ. ನಿನ್ನೆ ಸಂಜೆ ಗಸ್ತು ಕಾರು ತೆಗೆಸಿದ್ದು ತನ್ನ ಒಂದು ಪದ. ಶಾಲೆಯ ಮಕ್ಕಳು ರಸ್ತೆ ದಾಟಲೆಂದು ಒಬ್ಬಳು ಫಲಕ ಹಿಡಿದು ನಿಂತಿದ್ದಳು. ಆ ಹತ್ತು ಸೆಕೆಂಡು ಕಾಯುವಾಗ ಸಂಯುಕ್ತಾಳ ಹಲ್ಲು ಕಟಕಟ ಎನ್ನುವುದು ಡೆಲ್ಗಾಡೊಗೂ ಕೇಳಿಸಿತು.

10 ಗಂಟೆ 41. ಮುಂಬಾಗಿಲು ತೆರೆದೇ ಇತ್ತು. ಒಳಗೆ ಬೈಗುಳವಿಲ್ಲ, ಕೂಗಾಟವಿಲ್ಲ. ಬಚ್ಚಲುಮನೆಯ ಕಡೆಯಿಂದ ಅದೇ ಮೆತ್ತನೆಯ ಧ್ವನಿ ಬರುತ್ತಿತ್ತು. ಮಗುವಿಗೆ ಊಟ ಮಾಡಿಸುವವನ ಹಾಗೆ.

“ಈರಮ್ಮನವರೇ, ಬಾಗಿಲು ತೆಗೀರಿ. ನಾನೇನೂ ಮಾಡಲ್ಲ. ಆ ಬಟ್ಟೆ ಒಂದು ಸಲ ಕೊಡಿ ಸಾಕು. ಇಲ್ಲಾಂದ್ರೆ ಈ ಬಾಗಿಲು ಮುರೀಬೇಕಾಗುತ್ತೆ. ನಿಮಗೇ ಪೆಟ್ಟಾಗುತ್ತೆ. ನನ್ನಿಂದ ಅದು ಮಾಡಿಸಬೇಡಿ.”

ಅವನು ಭುಜವನ್ನು ಬಾಗಿಲಿಗೆ ಒತ್ತಿ ನಿಂತಿದ್ದ. ಬಾಗಿಲ ಚೌಕಟ್ಟು ಆಗಲೇ ಸೀಳು ಬಿಟ್ಟಿತ್ತು. ಬಲಗೈಯಲ್ಲಿ ಅಡುಗೆಮನೆಯ ದೊಡ್ಡ ಕತ್ತರಿ.

ಸಂಯುಕ್ತಾ ಪಿಸ್ತೂಲು ಎತ್ತಿದಳು. ತರಬೇತಿಯಲ್ಲಿ ಕಲಿಸಿದ ಇಂಗ್ಲಿಷ್ ಮಾತು ನೆನಪಿಗೇ ಬರಲಿಲ್ಲ. ಹೊರಗೆ ಬಂದದ್ದು ಬೇರೆ.

“ಕತ್ತರಿ ಕೆಳಗಿಡಿ ಅಂಕಲ್.”

ಅವನು ನಿಧಾನಕ್ಕೆ ತಿರುಗಿದ. ಅವನ ಮುಖವೂ ಬಿಳಿಚಿಕೊಂಡಿತ್ತು. ತನಗಿಂತ ಇವನಿಗೇ ಹೆಚ್ಚು ಭಯವಾಗಿದೆ ಎಂದು ಅವಳಿಗೆ ಆಗ ಗೊತ್ತಾಯಿತು. ಅದರಿಂದ ಅವಳ ಭಯ ಇಮ್ಮಡಿಯಾಯಿತು. ಹೆದರಿದವನ ಕೈಯ ಕತ್ತರಿ ಅದು.

“ನಿನ್ನ ಕನ್ನಡ ಯಾವ ಕಡೇದಮ್ಮಾ?” ಎಂದ, ಸಂಬಂಧವೇ ಇಲ್ಲದೆ.

“ನಿಮ್ಮ ಕಡೇದೇ. ಅದಕ್ಕೇ ನಂಗೂ ಕುಂಚ ಅಂತಲೇ ಕೇಳಿಸ್ತು. ಕೆಳಗಿಡಿ.”

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಕತ್ತರಿ ನೆಲಕ್ಕೆ ಬಿತ್ತು. 10 ಗಂಟೆ 44ಕ್ಕೆ ಡೆಲ್ಗಾಡೊ ಅವನ ಕೈಗಳಿಗೆ ಬೇಡಿ ಹಾಕಿ, ಹಕ್ಕುಗಳನ್ನು ಓದಿ ಹೇಳಿ, ಹೊರಗೆ ಕರೆದೊಯ್ದ.

“ಅಜ್ಜಿ, ನಾನು. ಕನ್ನಡದವಳು.”

ಚಿಲಕ ಸರಿಯಲು ತುಂಬ ಹೊತ್ತು ಹಿಡಿಯಿತು. ಒಣಗಿದ ಬಾತ್ ಟಬ್ಬಿನಲ್ಲಿ ಈರವ್ವ ಮುದುಡಿ ಕುಳಿತಿದ್ದಳು. ಗಂಟು ಬಿಚ್ಚಿತ್ತು. ನೆರೆತ ತಲೆಯ ಮೇಲೆ, ನೆತ್ತಿಗಷ್ಟೇ ಸಾಲುವ, ಎಪ್ಪತ್ತು ವರ್ಷ ಹಳೆಯ ಕುಂಚಿಗಿ ಇತ್ತು. ಕೆಂಪು, ಹಸಿರು, ನೀಲಿ ಖಣದ ತ್ರಿಕೋನಗಳು ಒಂದರ ಮೈಮೇಲೆ ಒಂದು.

“ನಿನ್ನೇನೂ ಅವನs ಬಂದಿದ್ದ,” ಎಂದಳು. “ಎಲ್ಲಿಟ್ಟಾಳೋ ಮುದುಕಿ ಅಂತ ಗೊಣಗಿದ್ದು ಕೇಳಿದೆ. ಹೇಳಿದ್ರ ಯಾರು ನಂಬ್ತಿದ್ರು? ನನ್ನ ಮಗ ಅವನ ಕಾಲು ಮುಟ್ತಾನ.”

“ನಿನ್ನೆ ನಾನು ಸರಿಯಾಗಿ ಕೇಳಿಸ್ಕೊಬೇಕಿತ್ತು,” ಎಂದಳು ಸಂಯುಕ್ತಾ.

“ಇವತ್ತ ಕೇಳಿಸ್ಕೊಂಡ್ಯಲ್ಲ,” ಎಂದಳು ಈರವ್ವ, ಏಳಲು ಕೈಚಾಚಿ. “ಹಿಡಿ. ಕಾಲು ಜೋಮು ಹಿಡದಾವು.”

ಮಧ್ಯಾಹ್ನ ಕೋರ್ಟಿನ ವಾರಂಟು ತಂದು ಬರ್ಕ್ಲಿಯ ಅವನ ಅಪಾರ್ಟ್‌ಮೆಂಟು ಶೋಧಿಸಿದರು. ಅಡುಗೆಮನೆಯ ಸಿಂಕಿನಲ್ಲಿ ಮರದ ಸಿಬಿರು, ಕುಂಚದ ಕೂದಲು ಸಿಕ್ಕವು. ಕೈಗವಸು ಕಸದ ಬುಟ್ಟಿಯಲ್ಲಿತ್ತು.

2 ಗಂಟೆ 15ಕ್ಕೆ ಮಗ, ಸೊಸೆ, ಡೆಲ್ಗಾಡೊ ಎದುರಿಗೆ ಈರವ್ವ ತಾನೇ ಕುಂಚಿಗಿಯ ಒಳಬಟ್ಟೆಯ ಹೊಲಿಗೆ ಬಿಚ್ಚಿದಳು. ನಾಲ್ಕು ಮಡಿಕೆಯ ಒಂದು ಕಾಗದ ಹೊರಗೆ ಬಂತು. ಅವಳ ತಾಯಿ ಹೊಳೆಬಸವ್ವ ಅದನ್ನು ಅಲ್ಲಿಟ್ಟು ಹೊಲಿದಿದ್ದಳು. ಮೇಲೆ ಮಿರಜಿನ ಕ್ಷಯ ರೋಗದ ಆಸ್ಪತ್ರೆಯ ವಿಳಾಸ, 1953ರ ಜುಲೈ ತಾರೀಖು.

ಸಾಕ್ಷ್ಯದ ಪಟ್ಟಿಗಾಗಿ ಸಂಯುಕ್ತಾ ಅದನ್ನು ಓದಬೇಕಿತ್ತು. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಲಿತ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು. ತಪ್ಪಿದಲ್ಲಿ ಈರವ್ವ ತಿದ್ದಿದಳು. ಓದು ಮುಗಿಯುವ ಹೊತ್ತಿಗೆ ಶಶಿಧರ ಮುಖ ಮುಚ್ಚಿಕೊಂಡಿದ್ದ.

ಸಂಜೆ 4 ಗಂಟೆ 50. ವಿಚಾರಣೆಯ ಕೋಣೆ. ಶ್ರೀಕಂಠ ವಕೀಲರು ಬೇಡ ಎಂದು ಸಹಿ ಹಾಕಿ, ಎಲ್ಲ ಒಪ್ಪಿಕೊಂಡ.

“ಪ್ಯಾರಿಸ್ ಕತೆ ಸುಳ್ಳು ಅಂತ ಯಾವಾಗ ಗೊತ್ತಾಯ್ತು?” ಡೆಲ್ಗಾಡೊ ಕೇಳಿದ.

“ಅನುಮಾನ ಹತ್ತು ವರ್ಷದಿಂದ. ಕುಬೇರಪ್ಪನವರ ಪೆಟ್ಟಿಗೆಯಲ್ಲಿ ಪ್ಯಾರಿಸ್ಸಿನ ಒಂದು ಪೋಸ್ಟ್ ಕಾರ್ಡ್ ಸಿಕ್ಕಿತ್ತು. ಅದೊಂದರ ಮೇಲೆ ಎಂಟು ತಿಂಗಳು ಕಟ್ಟಿದೆ. ನಾನೂ ಪ್ಯಾರಿಸ್ ನೋಡಿಲ್ಲ. ಶನಿವಾರ ಈರಮ್ಮನವರು ಆ ವರ್ಷ ಅಪ್ಪ ಬರೆದ ಕಾಗದ ಇದೆ ಅಂದಾಗ, ಅದರಲ್ಲಿ ಯಾವ ಊರಿನ ಹೆಸರಿರುತ್ತೋ ಅಂತ ಎದೆ ಒಡೀತು. ಆ ಪ್ಯಾರಿಸ್ ಹೋದರೆ ನಾನು ಏನೂ ಅಲ್ಲ. ಅಷ್ಟೇ ಹೆದರಿಕೆ,” ಎಂದ.

ಆಮೇಲೆ ಕನ್ನಡದಲ್ಲಿ ಸಂಯುಕ್ತಾಳನ್ನು ಕೇಳಿದ. “ಆ ಕಾಗದದಲ್ಲಿ ಏನಿದೆಯಮ್ಮಾ?”

ಸಂಯುಕ್ತಾ ಡೆಲ್ಗಾಡೊನ ಮುಖ ನೋಡಿದಳು. ಅವನು ತಲೆಯಾಡಿಸಿದ. ಅವಳು ಜೆರಾಕ್ಸ್ ಪ್ರತಿ ತೆಗೆದು, ಈ ಸಲ ತಡವರಿಸದೆ ಓದಿದಳು.

“ಹೊಳೆಬಸವ್ವಗ ನಿನ್ನ ಯಜಮಾನನ ಆಶೀರ್ವಾದ. ಕೂಸಿಗೆ ಸಣ್ಣದಾದ ಕುಂಚಿಗಿ ಕಳಿಸಿದ್ದು ಮುಟ್ಟಿತು. ಕೂಸು ಹುಟ್ಟಿ ಐದು ತಿಂಗಳಾತು, ಅದರ ಮುಖಾ ಮಾರಿ ನೋಡಾಕ ನನ್ನ ಬಿಡವಲ್ಲರು. ಅದಕ್ಕ ಕುಂಚಿಗಿ ಹಾಸಿಗಿ ಮ್ಯಾಲ ಇಟಗೊಂಡು ಮುಂದಿಂದ, ಹಿಂದಿಂದ, ಮಗ್ಗಲದಿಂದ, ಮ್ಯಾಲಿಂದ ನೋಡತೇನಿ. ಒಳಗ ಮಾರಿ ಹೆಂಗಿದ್ದೀತು ಅಂತ ನಾಕೂ ಕಡಿಂದ ಒಂದs ಚಿತ್ರದಾಗ ತಗದೇನಿ. ಬ್ಯಾರೇ ತಗಿಯೂದು ನನಗ ತಿಳಿಯಲಿಲ್ಲ.”

ಶ್ರೀಕಂಠ ಕೈಚಾಚಿ ಆ ಪ್ರತಿಯನ್ನು ತನ್ನ ಕಡೆ ತಿರುಗಿಸಿಕೊಂಡ.

“ಹಾಗಾದರೆ ಚಿತ್ರದಲ್ಲಿರೋದು ಹೆಂಗಸಲ್ಲ,” ಎಂದ. “ಕೂಸು.”

“ಹೌದು. ಅಜ್ಜಿನೇ.”

“ಮೂವತ್ತು ವರ್ಷ ದಿನಾ ನೋಡಿದೀನಿ,” ಎಂದ. ಹೇಳಿಕೆಯ ಕೊನೆಯ ಹಾಳೆಯಲ್ಲಿ ಸಹಿ ಹಾಕಿ ಪೆನ್ನು ಮೇಜಿನ ಮೇಲಿಟ್ಟ.

ಸಂಯುಕ್ತಾ ತನ್ನ ಮೇಜಿಗೆ ಬಂದು ನಿನ್ನೆಯ ವರದಿ ತೆರೆದಳು. ಕೆಳಗೆ ತಿದ್ದುಪಡಿ ಸೇರಿಸಿದಳು: ಸಾಕ್ಷಿ ಹೇಳಿದ್ದು ಕುಂಚ ಎಂದಲ್ಲ, ತಪ್ಪು ನನ್ನದು. ಸರಿಯಾದ ಪದವನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯುವುದು ಅವಳಿಗೆ ಹೊಳೆಯಲಿಲ್ಲ, ಅಷ್ಟು ಜಾಗ ಖಾಲಿ ಬಿಟ್ಟಳು. ಪ್ರಿಂಟು ತೆಗೆದು, ಆ ಖಾಲಿ ಜಾಗದಲ್ಲಿ ಪೆನ್ನಿನಿಂದ, ಕನ್ನಡದಲ್ಲೇ ಬರೆದು ಸಹಿ ಹಾಕಿದಳು.